ತುಘಲಕ್ ಪಾತ್ರಕ್ಕೆ ಸಿನಿಮಾ ನಟ: ಶಿಳ್ಳೆ, ಅಡ್ಡ ನಗು, ಮೊಬೈಲು ಇವನ್ನೆಲ್ಲ ಹೇಗೆ ನಿಭಾಯಿಸೋದು?

ರಂಗಪರದೆ (ಪ್ರಶ್ನೆ)

ನಮ್ಮ ಹವ್ಯಾಸಿ ತಂಡ ಗಿರೀಶ ಕಾರ್ನಾಡರ ‘ತುಘಲಕ್’ ಮತ್ತೆ ರಂಗಕ್ಕೆ ತರ್ತಿದೆ. ಸುಲ್ತಾನನ ಪಾತ್ರಕ್ಕೆ ಹೆಸರಾಂತ ಸಿನಿಮಾ ನಟರೊಬ್ಬರು ಒಪ್ಪಿದ್ದಾರೆ. ವೇಷ ಬದಲಿಸಿ ಮೋಸ ಮಾಡೋ ಅಗಸ ಅಜೀಜ್ ಪಾತ್ರಕ್ಕೆ ಟಿವಿ ಕಾಮಿಡಿ ಶೋಗಳಿಂದ ಮನೆಮಾತಾದವರು. ಜಿಲ್ಲಾ ರಂಗಮಂದಿರ, ಸುಮಾರು 700 ಸೀಟು, ಸಂಜೆ ಏಳಕ್ಕೆ ಶುರು. ಬರೋರಲ್ಲಿ ಅರ್ಧಕ್ಕರ್ಧ ಜನ ನಾಟಕಕ್ಕಲ್ಲ, ನಟರನ್ನ ನೋಡೋಕೆ ಬರ್ತಾರೆ. ಸುಲ್ತಾನ ಬಂದ ಕೂಡಲೇ ಶಿಳ್ಳೆ ಬಿದ್ದರೆ ಮುಂದಿನ ಮಾತು ಹೋಯ್ತು. ಅದಕ್ಕಿಂತ ದೊಡ್ಡ ಭಯ, ಪ್ರಾರ್ಥನೆ ವೇಳೆ ತನ್ನನ್ನ ಕೊಲ್ಲೋಕೆ ಸಂಚು ಮಾಡಿದ ಶಿಹಾಬುದ್ದೀನನನ್ನ ಸುಲ್ತಾನನೇ ಇರಿದು ಕೊಲ್ಲೋ ದೃಶ್ಯಕ್ಕೂ ಶಿಳ್ಳೆ ಬೀಳೋದು. ರಿಹರ್ಸಲ್ ಹಂತದಲ್ಲೇ ಏನೇನು ಮಾಡಿಟ್ಕೋಬಹುದು?

ಸೈಡ್‌ವಿಂಗ್

ಮೊದಲನೇ ಶಿಳ್ಳೆ ತಪ್ಪಿಸೋಕೆ ಹೋಗಬೇಡಿ, ಅದಕ್ಕೆ ಜಾಗ ಕೊಡಿ. ನಾಟಕದಲ್ಲೇ ಆ ಅನುಕೂಲ ಇದೆ. ಮೊದಲ ದೃಶ್ಯದಲ್ಲಿ ಸುಲ್ತಾನ ಬರೋದಕ್ಕೆ ಮುಂಚೆ ಬೀದಿ ಜನ ಅವನನ್ನ ಹೊಗಳಿ ತೆಗಳಿ ಮಾತಾಡ್ತಾರೆ, ಬ್ರಾಹ್ಮಣನಿಗೆ ಸುಲ್ತಾನನ ವಿರುದ್ಧವೇ ನ್ಯಾಯ ಸಿಕ್ಕಿದ ಘೋಷಣೆ ಆಗತ್ತೆ. ಅಷ್ಟು ಹೊತ್ತಿಗೆ ಹಾಲ್ ಕಾದಿರತ್ತೆ. ನಟರನ್ನ ಹಿಂದಿನಿಂದ, ನಡು ಭಾಗದಲ್ಲಿ, ಮುಖ ಪೂರ್ತಿ ಕಾಣೋ ಹಾಗೆ ತನ್ನಿ. ಗುಂಪಿನ ಮರೆಯಲ್ಲಿ ಅಷ್ಟಷ್ಟೇ ತೋರಿಸಿದರೆ ಎಡಗಡೆಯವರು ಒಮ್ಮೆ, ಬಲಗಡೆಯವರು ಒಮ್ಮೆ, ಬಾಲ್ಕನಿಯವರು ಇನ್ನೊಮ್ಮೆ ಕೂಗ್ತಾರೆ, ಮೂರು ಅಲೆ ಆಗತ್ತೆ. ಒಂದೇ ಏಟಿಗೆ ಗುರುತು ಸಿಕ್ಕರೆ ಒಂದೇ ಅಲೆ.

ಪ್ರವೇಶ ಆದ ಮೇಲೆ 8ರಿಂದ 12 ಸೆಕೆಂಡು ಮಾತು ಬೇಡ. ಆದರೆ ನಟ ಸುಮ್ಮನೆ ನಿಂತು ಚಪ್ಪಾಳೆ ಸ್ವೀಕರಿಸಿದರೆ ಅಲ್ಲೇ ಸುಲ್ತಾನ ಸತ್ತ. ಜನರು ಬಗ್ಗೋದು, ಅವನು ಒಬ್ಬೊಬ್ಬರನ್ನೇ ನೋಡ್ತಾ ಮುಂದೆ ಬರೋದು, ಹೀಗೆ ಪಾತ್ರದ ಕೆಲಸ ಕೊಡಿ. ಸದ್ದು ಇಳಿಯೋಕೆ ಶುರುವಾದಾಗಲೇ ಮೊದಲ ವಾಕ್ಯ ಬರಬೇಕು. ಪೂರ್ತಿ ನಿಶ್ಶಬ್ದಕ್ಕೆ ಕಾದರೆ ಎರಡನೇ ಸುತ್ತು ಏಳತ್ತೆ. ಫಾಲೋ ಸ್ಪಾಟ್ (ನಟನನ್ನೇ ಹಿಂಬಾಲಿಸೋ ಬೆಳಕು) ಹಾಕಲೇಬೇಡಿ, ಕೂಗಿ ಅಂತ ಕರೆದ ಹಾಗೆ ಅದು.

ಇನ್ನು ಕೊಲೆ. ಜನ ಶಿಳ್ಳೆ ಹೊಡೆಯೋದು ರಕ್ತಕ್ಕಲ್ಲ, ಫೈಟ್ ಸೀನಿನ ಗುರುತುಗಳಿಗೆ. ಕೆಂಪು ಬೆಳಕು, ಢಂ ಅನ್ನೋ ಸಂಗೀತ, ನಿಧಾನಗತಿಯ ಚಲನೆ. ಮೂರನ್ನೂ ತೆಗೀರಿ. ಪರದೆ ಹಿಂದಿನಿಂದ ಸೈನಿಕರು ಬರ್ತಾರೆ, ಸಂಚಿನಲ್ಲಿದ್ದ ಅಮೀರರು (ಆಸ್ಥಾನದ ಸರದಾರರು) ಕಿರುಚ್ತಾರೆ, ಸುಲ್ತಾನ ಪ್ರಾರ್ಥನೆ ನಿಲ್ಲಿಸಲ್ಲ. ದೃಶ್ಯದ ಭಾರ ಇರೋದು ಆ ನಿಲ್ಲಿಸದೇ ಇರೋದರಲ್ಲಿ. ಅವರನ್ನ ಎಳೆದೊಯ್ದ ಮೇಲೂ ಪ್ರಾರ್ಥನೆ ಸಾವಧಾನವಾಗಿ ಮುಗೀಲಿ, ಅವಸರ ಬೇಡ. ಶಿಹಾಬುದ್ದೀನನ ಮೈಮೇಲೆ ಬೀಳೋ ಇರಿತ ಚಂದ ಇರಬಾರದು. ಉಸಿರು ಕಟ್ಟಿ, ಲಯ ತಪ್ಪಿ, ಅವನು ಸತ್ತ ಮೇಲೂ ನಿಲ್ಲಬಾರದು. ಎರಡನೇ ಏಟಿಗೆ ಯಾರೋ ಒಬ್ಬರು ಶಿಳ್ಳೆ ಹಾಕಬಹುದು, ಐದನೇ ಏಟಿಗೆ ಯಾರೂ ಹಾಕಲ್ಲ. ಸ್ಟಂಟ್ ಮಾಸ್ಟರ್ ಕರೆಸ್ತೀನಿ ಅಂತ ನಟರು ಹೇಳಿದರೆ ಸುರಕ್ಷತೆಗೆ ಮಾತ್ರ ಕರೆಸಿ, ಸಂಯೋಜನೆ ನಿರ್ದೇಶಕರ ಕೈಯಲ್ಲೇ ಇರಲಿ. ಮಧ್ಯಂತರ ಈ ದೃಶ್ಯದ ನಂತರವೇ ಕೊಡಿ.

ಮೈಕುಬೆಳಕು

ಗಲಾಟೆಗೆ ಇನ್ನೊಂದು ಕಾರಣ ಇದೆ, ಅದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ: ಕೇಳಿಸದೇ ಇರೋದು. ಹಿಂದಿನ ಸಾಲಿಗೆ ಮಾತು ತಲುಪದಿದ್ದರೆ ಹತ್ತು ನಿಮಿಷದಲ್ಲಿ ಅಲ್ಲಿ ಪಿಸುಮಾತು, ಇಪ್ಪತ್ತಕ್ಕೆ ಮೊಬೈಲು.

ಕ್ಯಾಮೆರಾ ಮುಂದೆ ಪಳಗಿದವರು ವಾಕ್ಯದ ಕೊನೆಗೆ ದನಿ ಇಳಿಸ್ತಾರೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಇರೋದೇ ಕೊನೆಗೆ. ರಾಜಧಾನಿ ದಿಲ್ಲಿಯಿಂದ ದೌಲತಾಬಾದಿಗೆ ಅನ್ನೋದು ಕೇಳಿ, ಏನಾಗತ್ತೆ ಅನ್ನೋದು ಕೇಳದಿದ್ದರೆ ಕಥೆಯೇ ಜಾರಿತು. ಹಾಗಾಗಿ ರಿಹರ್ಸಲ್‌ನಲ್ಲಿ ಒಬ್ಬರನ್ನ ಕಟ್ಟಕಡೆಯ ಸಾಲಲ್ಲಿ ಕೂರಿಸಿ, ಕೊನೆಯ ಪದ ನುಂಗಿದಾಗೆಲ್ಲ ಸ್ಕ್ರಿಪ್ಟಲ್ಲಿ ಗೆರೆ ಹಾಕಿಸಿ. ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಕೇಳಿಸ್ತು ಅಂತ ನಂಬಬೇಡಿ. ಜನ ತುಂಬಿದಾಗ ಮೈ, ಬಟ್ಟೆ ಎಲ್ಲ ಸದ್ದು ಹೀರತ್ತೆ.

ಕಾಲರ್ ಮೈಕ್ ಈ ನಾಟಕಕ್ಕೆ ಆಗಿಬರಲ್ಲ. ಅಂಟಿಸಿದ ಗಡ್ಡ, ಜರಿ ನಿಲುವಂಗಿ ಉಜ್ಜಿ ಕರಕರ ಅನ್ನತ್ತೆ, ಪ್ರಾರ್ಥನೆಗೆ ಬಗ್ಗಿದಾಗ ಪೂರ್ತಿ ಮುಚ್ಚಿಹೋಗತ್ತೆ. ಹಾಕಲೇಬೇಕಾದರೆ ಸಣ್ಣ ಮೈಕ್ ಕೂದಲಂಚಿಗೆ ಟೇಪ್ ಮಾಡಿ, ಪೇಟದ ಅಂಚು ಅದರ ಮೇಲೆ ಕೂರದ ಹಾಗೆ ನೋಡ್ಕೊಳ್ಳಿ. ನಟರೊಬ್ಬರಿಗೇ ಮೈಕ್ ಕೊಟ್ಟು ಆಸ್ಥಾನದ ಬರನಿ, ನಜೀಬನಿಗೆ ಕೊಡದಿದ್ದರೆ ಸುಲ್ತಾನ ಬೇರೆ ಊರಿಂದ ಮಾತಾಡಿದ ಹಾಗಿರತ್ತೆ. ಕೊಟ್ಟರೆ ಮುಖ್ಯ ಪಾತ್ರಗಳಿಗೆಲ್ಲ ಕೊಡಿ.

ಮೊಬೈಲಿಗೆ ಒಂದು ಉಪಾಯ: ‘ಫೋನ್ ಆಫ್ ಮಾಡಿ’ ಅನ್ನೋ ಪ್ರಕಟಣೆ ಆ ನಟರದೇ ದನಿಯಲ್ಲಿ, 20 ಸೆಕೆಂಡಿನೊಳಗೆ ಮುಗೀಲಿ. ಸಂಘಟಕರು ಹತ್ತು ಸಲ ಬೇಡಿಕೊಂಡರೂ ಕೇಳದವರು ಅದನ್ನ ಕೇಳ್ತಾರೆ. ಕೊನೆಗೆ ಎಲ್ಲರೂ ನಿಂತಾಗ ಫೋಟೋ ತೆಗೀಬಹುದು ಅಂತ ಅದರಲ್ಲೇ ಹೇಳಿಸಿ. 700 ಸೀಟಿಗೆ ಸ್ವಯಂಸೇವಕರು ಕನಿಷ್ಠ 14 ಜನ ಬೇಕು, ಬಾಗಿಲಲ್ಲಿ ಅಲ್ಲ, ನಡುದಾರಿಗಳಲ್ಲಿ.

ಇನ್ನೊಂದು ವಿಷಯ. ಏಳಕ್ಕೆ ಶುರುವಾದರೆ ಪ್ರಾರ್ಥನೆಯ ದೃಶ್ಯ ಬರೋ ಹೊತ್ತಿಗೆ ಹತ್ತಿರದ ಮಸೀದಿಯ ಇಶಾ ಅಜಾನ್ ಬರೋ ಸಾಧ್ಯತೆ ಇದೆ. ಆ ದಿನದ ಸಮಯ ಮೊದಲೇ ಕೇಳಿ ತಿಳ್ಕೊಂಡು ನಾಟಕದ ಓಟ ಹೊಂದಿಸಿ. ನಮಾಜಿನ ಭಂಗಿ, ದಿಕ್ಕು, ಪಾದರಕ್ಷೆ ಎಲ್ಲ ಬಲ್ಲವರೊಬ್ಬರು ಬಂದು ನೋಡಲಿ. ಅಲ್ಲಿ ತಪ್ಪಾದರೆ ಯಾವ ಬೆಳಕೂ ಉಳಿಸಲ್ಲ.

ಕಂಪನಿಮನೆ

ಸೈಡ್‌ವಿಂಗ್ ಹೇಳಿದ್ದಕ್ಕೆ ಸೇರಿಸ್ತೀನಿ, ಒಂದು ಕಡೆ ಮಾತ್ರ ಒಪ್ಪಲ್ಲ. ಶಿಳ್ಳೆಯನ್ನ ರೋಗದ ಥರ ನೋಡಬೇಕಾಗಿಲ್ಲ. ಕಂಪನಿ ನಾಟಕದ ಪ್ರೇಕ್ಷಕ ‘ಒನ್ಸ್ ಮೋರ್’ ಅಂತ ಕೂಗಿದವನೇ, ಹಾಡು ಎರಡೆರಡು ಸಲ ಹಾಡಿಸಿದವನೇ. ತುಘಲಕ್ಕಿನ ಕಟ್ಟಡವನ್ನ ಕಾರ್ನಾಡರು ತಗೊಂಡಿದ್ದೂ ಆ ಪರಂಪರೆಯಿಂದ: ರಂಗವನ್ನ ಹಿಂದಿನವರೆಗೂ ಬಳಸೋ ಆಸ್ಥಾನದ ‘ಆಳದ’ ದೃಶ್ಯ, ಆಮೇಲೆ ಪರದೆ ಮುಂದೆ ಬೀದಿಯ ಹಾಸ್ಯದ ದೃಶ್ಯ, ಹಿಂದೆ ಸೆಟ್ ಬದಲಾವಣೆ. ಆ ಹಾಸ್ಯದ ಜಾಗವನ್ನ ಅವರು ಅಜೀಜ್, ಅವನ ಜೊತೆಗಾರ ಆಜಮ್‌ಗೆ ಕೊಟ್ಟು, ಕೊನೆಗೆ ಅಜೀಜನನ್ನೇ ಸುಲ್ತಾನನ ಎದುರು ತಂದು ನಿಲ್ಲಿಸಿದರು. ಸಿ.ಆರ್. ಸಿಂಹ ತುಘಲಕ್ ಆಗಿ ಜನರನ್ನ ಹಿಡಿದಿಟ್ಟಾಗಲೂ, ಮುಂಬೈಯಲ್ಲಿ ಅಲೀಕ್ ಪದಮ್ಸಿಯವರ ಇಂಗ್ಲಿಷ್ ಪ್ರಯೋಗದಲ್ಲಿ ಕಬೀರ್ ಬೇಡಿ ಬಂದಾಗಲೂ, ಪಾತ್ರಕ್ಕೆ ಒಂದು ‘ಹೀರೋ’ ಮೈಕಟ್ಟು ಬೇಕೇ ಬೇಕಿತ್ತು. ಜನ ಅವನನ್ನ ಮೊದಲು ಮೆಚ್ಚಬೇಕು. ಮೆಚ್ಚದೇ ಇದ್ದರೆ ಆಮೇಲಿನ ಕುಸಿತ ಯಾರಿಗೂ ತಟ್ಟಲ್ಲ.

ನಿಮಗೆ ನಿಜವಾದ ಅಪಾಯ ಸುಲ್ತಾನನಿಂದ ಅಲ್ಲ, ಕಾಮಿಡಿ ನಟರಿಂದ. ದೌಲತಾಬಾದಿಗೆ ಹೋಗೋ ದಾರಿಯ ಬಿಡಾರದ ದೃಶ್ಯ ನೋಡಿ. ಅಲ್ಲೀವರೆಗೆ ಅಜೀಜನಿಗೆ ನಕ್ಕು ನಕ್ಕು ಅಭ್ಯಾಸವಾದ ಜನ, ಕಾಯಿಲೆ ಮಗುವನ್ನ ಎತ್ತಿಕೊಂಡ ಹೆಂಗಸು ವೈದ್ಯರ ಹತ್ತಿರ ಹೋಗೋಕೆ ಅಂಗಲಾಚಿದಾಗಲೂ ನಗ್ತಾರೆ. ಅವಳು ಬಂದ ಕ್ಷಣದಿಂದ ಆಜಮ್‌ನ ಎಲ್ಲ ಚೇಷ್ಟೆ ನಿಲ್ಲಬೇಕು, ಕೈಯಲ್ಲಿರೋ ವಸ್ತು ಕೆಳಗೆ ಇಡಲಿ. ಅಜೀಜ್ ಲಂಚ ಕೇಳೋದು ತಮಾಷೆ ದನಿಯಲ್ಲಿ ಅಲ್ಲ, ಕಚೇರಿ ಗುಮಾಸ್ತನ ಸಪ್ಪೆ ದನಿಯಲ್ಲಿ. ನಗು ತಾನಾಗಿ ಒಣಗತ್ತೆ. ಸ್ವಂತ ಡೈಲಾಗ್ ಸೇರಿಸಬಾರದು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ. ತಾಮ್ರದ ನಾಣ್ಯದ ಮಾತು ಬಂದಾಗ ಜನ 2016ರ ನೋಟು ರದ್ದತಿ ನೆನೆಸಿಕೊಂಡು ಚಪ್ಪಾಳೆ ತಟ್ಟಬಹುದು, ತಟ್ಟಲಿ. ಆದರೆ ನಟ ಪ್ರೇಕ್ಷಕರ ಕಡೆ ತಿರುಗಿ ಕಣ್ಣು ಹೊಡೆದರೆ ನಾಟಕ ಭಾಷಣವಾಗತ್ತೆ.

ರಂಗಪರದೆ

ತುಂಬಾ ಉಪಕಾರ. ಎರಡು ಅನುಮಾನ ಉಳಿದಿದೆ. ಸನ್ಮಾನ ಕಾರ್ಯಕ್ರಮ ನಾಟಕಕ್ಕೆ ಮುಂಚೆಯೇ ಆಗಬೇಕು ಅಂತ ಪ್ರಾಯೋಜಕರ ಒತ್ತಾಯ ಇದೆ. ಮತ್ತೆ ಕೊನೆ ದೃಶ್ಯದಲ್ಲಿ ಸುಲ್ತಾನ ಸಿಂಹಾಸನದಲ್ಲೇ ನಿದ್ದೆ ಹೋದಾಗ ನಾಟಕ ಮುಗೀತು ಅಂದ್ಕೊಂಡು ಎದ್ದುಬಿಟ್ಟರೆ?

ಸೈಡ್‌ವಿಂಗ್

ಸನ್ಮಾನ ಮುಂಚೆ ಬೇಡವೇ ಬೇಡ ಸರ್. ಶಾಲು ಹಾರ ಹಾಕಿಸಿಕೊಂಡು ಕೈ ಬೀಸಿದ ಮನುಷ್ಯ ಅರ್ಧ ಗಂಟೆಗೆ ಸುಲ್ತಾನನಾಗಿ ಬಂದರೆ ಯಾರು ನಂಬ್ತಾರೆ? ಪ್ರಾಯೋಜಕರ ಹೆಸರು ಪರದೆ ಏಳೋ ಮುಂಚೆ ಓದಿ, ವೇದಿಕೆ ಕಾರ್ಯಕ್ರಮ ನಾಟಕ ಮುಗಿದ ಮೇಲೆ. ಮುಂದಿನ ಎರಡು ಸಾಲು ಗಣ್ಯರಿಗೆ ಮೀಸಲಿಟ್ಟರೆ ನಡುವೆ ಎದ್ದು ಹೋಗ್ತಾರೆ, ಅವರ ಹಿಂದೆ ಹತ್ತು ಜನ ಹಿಂಬಾಲಕರು. ಅವರಿಗೆ ಪಕ್ಕದ ಬಾಗಿಲ ಹತ್ತಿರದ ಸೀಟು ಕೊಡಿ.

ಕೊನೆ ದೃಶ್ಯಕ್ಕೆ: ಕಣ್ಣು ಮುಚ್ಚಿದಾಗ ಬೆಳಕು ಒಂಚೂರೂ ಇಳಿಸಬೇಡಿ. ಬೆಳಕು ಇಳಿದರೆ ಮುಗೀತು ಅಂತಲೇ ಅರ್ಥ, ಚಪ್ಪಾಳೆ ಬೀಳತ್ತೆ. ನಾಲ್ಕೈದು ಸೆಕೆಂಡಿನೊಳಗೆ ದೂರದಿಂದ ಪ್ರಾರ್ಥನೆಯ ಕರೆ ಕೇಳಿಸಲಿ. ಅವನು ಬೆಚ್ಚಿ ಎದ್ದು, ತಾನೆಲ್ಲಿದ್ದೀನಿ ಅಂತ ತಿಳಿಯದೆ ಸುತ್ತ ನೋಡಿದ ಮೇಲೆ ನಿಧಾನವಾಗಿ 8 ಸೆಕೆಂಡಿನ ಫೇಡ್. ಪರದೆ ಎಳೆಯೋರಿಗೆ ಮಾತಿನ ಕ್ಯೂ (ಸೂಚನೆ) ಕೊಡಬೇಡಿ, ಕತ್ತಲೆಯೇ ಕ್ಯೂ. ವಂದನೆಗೆ ಎಲ್ಲ ನಟರೂ ಒಟ್ಟಿಗೆ ಬರಲಿ, ಸಿನಿಮಾ ನಟರೊಬ್ಬರೇ ಕೊನೆಗೆ ಬರೋದು ಬೇಡ.

ಇದೆಲ್ಲ ಕೂರಬೇಕಾದರೆ ನಟರು ಇಡೀ ನಾಟಕದ ಐದು ಓಟಕ್ಕಾದರೂ (ಮೊದಲಿಂದ ಕೊನೆವರೆಗಿನ ರಿಹರ್ಸಲ್) ಬರಬೇಕು, ಅದರಲ್ಲಿ ಎರಡು ಓಟ ವೇಷ, ಬೆಳಕಿನ ಸಮೇತ. ಡೇಟ್ಸ್ ಅಷ್ಟು ಸಿಗದಿದ್ದರೆ ಮೊದಲ ಪ್ರವೇಶ, ಪ್ರಾರ್ಥನೆ, ಕೊನೆ ದೃಶ್ಯ ಈ ಮೂರನ್ನ ಮಾತ್ರ ಅವರ ಜೊತೆ ಪದೇಪದೇ ಮಾಡಿ, ಉಳಿದದ್ದಕ್ಕೆ ಬದಲಿ ನಟನನ್ನ ನಿಲ್ಲಿಸಿ. ಪಠ್ಯದಲ್ಲಿ ಏನಾದರೂ ಕತ್ತರಿಸೋದಿದ್ದರೆ ಪ್ರದರ್ಶನದ ಅನುಮತಿ ಕೇಳುವಾಗಲೇ ಹಕ್ಕುದಾರರಿಗೆ ತಿಳಿಸಿ, ಟಿಕೆಟ್ ಅಚ್ಚಾದ ಮೇಲೆ ಅಲ್ಲ.