ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಕಡೆ ದೂರದ ಓಟಕ್ಕೆ ತಕ್ಕ ಹಳ್ಳಿದಾರಿಗಳು ಯಾವುವು?

ನವನಗರದ ಓಟಗಾರ್ತಿ

ಮಾನ್ಯರೇ, ಬಾಗಲಕೋಟೆಯ ನವನಗರದಲ್ಲಿರುವ ನಾವು ಮೂವರು ಗೆಳತಿಯರು ಅರ್ಧ ಮ್ಯಾರಥಾನ್‌ಗೆ, ಅಂದರೆ 21.1 ಕಿಲೋಮೀಟರ್ ಓಟಕ್ಕೆ ಸಿದ್ಧತೆ ನಡೆಸಿದ್ದೇವೆ. ವಾರದ ದಿನಗಳಲ್ಲಿ ಸೆಕ್ಟರ್‌ಗಳ ನಡುವಿನ ರಸ್ತೆಗಳಲ್ಲೇ ಓಡುತ್ತೇವೆ. ಅಲ್ಲಿ ಬೀದಿದೀಪಗಳಿವೆ, ಪರಿಚಿತರಿದ್ದಾರೆ. ಆದರೆ ಅದೇ ತಿರುವುಗಳನ್ನು ಸುತ್ತಿ ಬೇಸರವಾಗಿದೆ. ಭಾನುವಾರದ ದೂರದ ಓಟವನ್ನಾದರೂ ಗುಡ್ಡ, ಹೊಳೆ, ಹೊಲ ಕಾಣುವ ದಾರಿಯಲ್ಲಿ ಮಾಡಬೇಕೆಂಬ ಆಸೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ 15ರಿಂದ 18 ಕಿಲೋಮೀಟರ್ ಓಡಲು ವಾಹನ ಕಡಿಮೆ ಇರುವ, ಹೆಣ್ಣುಮಕ್ಕಳು ನಿರಾತಂಕವಾಗಿ ಹೋಗಬಹುದಾದ ದಾರಿಗಳನ್ನು ತಿಳಿಸಿರಿ. ಕಾಲುವೆಯ ದಂಡೆಯ ರಸ್ತೆಗಳು ಮೊಣಕಾಲಿಗೆ ಹಿತವೆಂದು ಕೆಲವರು ಹೇಳಿದ್ದಾರೆ, ಅದು ಸರಿಯೇ? ಗೆಳತಿಯೊಬ್ಬರ ಯಜಮಾನರು ಕಾರು ತರಲು ಒಪ್ಪಿರುವುದರಿಂದ, ಹೊರಟ ಸ್ಥಳಕ್ಕೇ ಮರಳಿ ಓಡಬೇಕೆಂದೇನಿಲ್ಲ.

ಮಲಪ್ರಭೆಯ ಮಗ್ಗುಲು

ನಮಸ್ಕಾರ. ಕಾರಿನ ಅನುಕೂಲವಿದ್ದರೆ ಐಹೊಳೆ–ಪಟ್ಟದಕಲ್ಲು ರಸ್ತೆಯನ್ನೇ ಮೊದಲು ಆರಿಸಿಕೊಳ್ಳಿರಿ. ದೂರ ಸುಮಾರು 13 ಕಿಲೋಮೀಟರ್. ಹೊರಡುವ ಮುನ್ನ ಐಹೊಳೆಯ ಊರೊಳಗೆ ನಿಧಾನವಾಗಿ ಓಡಿ, ಮೇಗುತಿ ಗುಡ್ಡದ ಬುಡವನ್ನು ಮುಟ್ಟಿ ಬಂದರೆ ಮೈಯೂ ಬೆಚ್ಚಗಾಗುತ್ತದೆ, 15 ಕಿಲೋಮೀಟರಿನ ಲೆಕ್ಕವೂ ಹತ್ತಿರ ಬರುತ್ತದೆ. ಬಾದಾಮಿಯಿಂದ ಯೋಚಿಸುವವರು ಪಟ್ಟದಕಲ್ಲಿನಿಂದ ಐಹೊಳೆಗೆ ಓಡಲು ಹೊರಡುವುದು ಸಹಜ, ಆದರೆ ಐಹೊಳೆಯು ಪಟ್ಟದಕಲ್ಲಿಗೆ ಈಶಾನ್ಯದಲ್ಲಿರುವುದರಿಂದ ಹಾಗೆ ಹೊರಟವರ ಕಣ್ಣಿಗೆ ಎಳೆಬಿಸಿಲು ಚುಚ್ಚಬಹುದು. ಐಹೊಳೆಯಿಂದ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ. ಎದುರಿನ ಮರಳುಗಲ್ಲಿನ ಗುಡ್ಡಗಳು ಕೆಂಪೇರುವುದನ್ನು ನೋಡುತ್ತಲೇ ಓಡಬಹುದು. ಇದೇ ಕಾರಣಕ್ಕೆ, 22 ಕಿಲೋಮೀಟರ್ ಇರುವ ಬಾದಾಮಿ–ಪಟ್ಟದಕಲ್ಲು ರಸ್ತೆಯನ್ನೂ ಬೆಳಿಗ್ಗೆಯಾದರೆ ಪಟ್ಟದಕಲ್ಲಿನಿಂದಲೇ ಆರಂಭಿಸಬೇಕು. ನಿಮ್ಮ ಸ್ಪರ್ಧೆಗೆ ಮೂರು ವಾರ ಇರುವಾಗ ಆ ದಾರಿಯನ್ನು ಒಮ್ಮೆ ಪೂರ್ತಿ ಓಡಿದರೆ ಬೇರೆ ಪರೀಕ್ಷೆಯೇ ಬೇಡ.

ಚೆಲುವಿನ ದೃಷ್ಟಿಯಿಂದ ಹೇಳುವುದಾದರೆ ಡಿಸೆಂಬರ್ ಮತ್ತು ಜನವರಿಗೆ ಸಮನಾದ ಕಾಲವಿಲ್ಲ. ಹಿಂಗಾರಿ ಜೋಳ ತೆನೆ ಹಿಡಿದಿರುತ್ತದೆ, ಕಡಲೆ ಹೊಲಗಳು ಹಸಿರಾಗಿರುತ್ತವೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ನೈವೇದ್ಯವನ್ನು ಹೊಲದಲ್ಲಿ ಎರಚಲು, ಜನರು ಮನೆಮಂದಿಯೊಂದಿಗೆ ಹೊಲಕ್ಕೆ ಬರುತ್ತಾರೆ. ಆ ದಿನ ಓಡುವವರನ್ನು ಊಟಕ್ಕೆ ಕರೆಯದೆ ಬಿಡುವುದಿಲ್ಲವಾದ್ದರಿಂದ ಓಟದ ಅವಧಿಯನ್ನು ಗಡಿಯಾರದಲ್ಲಿ ಅಳೆಯುವ ಆಸೆಯನ್ನು ಬಿಟ್ಟೇ ಹೋಗಬೇಕು. ಪಟ್ಟದಕಲ್ಲಿನಲ್ಲಿ ಮಲಪ್ರಭಾ ಹೊಳೆ ಉತ್ತರಕ್ಕೆ ಹರಿಯುತ್ತದೆ. ದೇಗುಲಗಳ ಹಿಂದಿನ ದಂಡೆಯಲ್ಲಿ ಕುಳಿತು ಕಾಲು ಚಾಚಿ ದಣಿವಾರಿಸಿಕೊಳ್ಳಬಹುದು. ಮಳೆಗಾಲದಲ್ಲಿ ಮಾತ್ರ, ನವಿಲುತೀರ್ಥ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿಯಿದ್ದರೆ ದಂಡೆಯ ಹತ್ತಿರ ಸುಳಿಯಬೇಡಿರಿ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ನೀರು ದೇಗುಲಗಳ ಆವರಣಕ್ಕೇ ನುಗ್ಗಿತ್ತು.

ಕೆಂದೂರು ಕಡೆಯವ

ತಂಗೀ, ಮೇಲಿನವರು ನೋಟದ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ಒಕ್ಕಲುತನದವನಾದ್ದರಿಂದ ನೆಲದ ಬಗ್ಗೆ ಬರೆಯುತ್ತೇನೆ, ಏಕೆಂದರೆ ನಮ್ಮ ಭಾಗದಲ್ಲಿ ಯಾವ ದಾರಿ ಒಳ್ಳೆಯದು ಎಂಬುದನ್ನು ಮಣ್ಣು ಮತ್ತು ತಿಂಗಳು ಎರಡೂ ಸೇರಿ ನಿರ್ಧರಿಸುತ್ತವೆ. ಹೊಳೆಸಾಲಿನ ಹೊಲಗಳು ಬಹುಪಾಲು ಎರೆಭೂಮಿ, ಅಂದರೆ ಕಪ್ಪು ಮಣ್ಣು. ನಮ್ಮಲ್ಲಿ ಮಳೆಯ ಜೋರು ಸೆಪ್ಟೆಂಬರ್‌ನಲ್ಲಿ, ಅಕ್ಟೋಬರ್‌ನಲ್ಲೂ ಬಿಡುವುದಿಲ್ಲ. ಆಗ ಎರೆ ಮಣ್ಣಿನ ಬಂಡಿದಾರಿಗೆ ಇಳಿದರೆ ಹೆಜ್ಜೆಹೆಜ್ಜೆಗೂ ಬೂಟಿಗೆ ಮಣ್ಣು ಮೆತ್ತಿಕೊಂಡು ಕಾಲೆತ್ತುವುದೇ ಕಷ್ಟವಾಗುತ್ತದೆ. ಅದೇ ನೆಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಆ ಬಿರುಕಿನಲ್ಲಿ ಪಾದ ಸಿಕ್ಕಿ ಹರಡು ಉಳುಕುವುದು ಸುಲಭ. ಗುಡ್ಡದ ಅಂಚಿನ ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲ ಹಾಗಲ್ಲ, ನೀರನ್ನು ಬೇಗ ಬಸಿದುಕೊಳ್ಳುತ್ತದೆ. ಆದ್ದರಿಂದ ಅಕ್ಟೋಬರ್‌ನಲ್ಲಿ ಡಾಂಬರು ರಸ್ತೆ ಅಥವಾ ಮಸಾರಿ ದಾರಿ, ಡಿಸೆಂಬರ್‌ನಿಂದ ಮುಂದೆ ಎರೆಹೊಲದ ಬಂಡಿದಾರಿ ಎಂದು ಇಟ್ಟುಕೊಳ್ಳಿರಿ.

ಕಾಲುವೆಯ ದಂಡೆಯನ್ನು ನಾನು ಒಪ್ಪುವುದಿಲ್ಲ. ಮಣ್ಣು ಮೆತ್ತಗಿರುವುದು ನಿಜ, ಏರಿಳಿತವಿಲ್ಲದಿರುವುದೂ ನಿಜ. ಆದರೆ ಎರಡೂ ಬದಿಗೆ ಜಾಲಿ ಬೆಳೆದ ಕಡೆಗಳಲ್ಲಿ ಕರೆದರೆ ಕೇಳುವ ದೂರದಲ್ಲಿ ಯಾರೂ ಇರುವುದಿಲ್ಲ. ಸಿಮೆಂಟಿನ ಇಳಿಜಾರಿನಲ್ಲಿ ಜಾರಿ ನೀರಿಗೆ ಬಿದ್ದವರು, ಈಜು ಬಂದರೂ, ಪಾಚಿಯ ಮೇಲೆ ಹಿಡಿತ ಸಿಗದೆ ಮೇಲೆ ಬರಲಾರರು. ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡಸರೂ ಅಲ್ಲಿ ಒಬ್ಬೊಬ್ಬರೇ ಓಡಬಾರದು.

ನವೆಂಬರ್‌ನಲ್ಲಿ ಕಬ್ಬಿನ ಹಂಗಾಮು ಶುರುವಾಗುತ್ತದೆ. ಮುಧೋಳ, ಜಮಖಂಡಿಗಳ ಕಡೆಯಷ್ಟು ಅಲ್ಲದಿದ್ದರೂ ನಮ್ಮ ತಾಲ್ಲೂಕಿನ ದೊಡ್ಡ ರಸ್ತೆಗಳಲ್ಲೂ ಎರಡೆರಡು ಡಬ್ಬಿ ಕಟ್ಟಿದ ಟ್ರ್ಯಾಕ್ಟರ್‌ಗಳು ರಾತ್ರಿಯಿಡೀ ಓಡುತ್ತವೆ. ಚಾಲಕನ ಪಕ್ಕದಲ್ಲಿ ಹಾಡಿನ ಅಬ್ಬರವಿರುವುದರಿಂದ ನಿಮ್ಮ ಕೂಗು ಅವನಿಗೆ ಕೇಳಿಸುವುದಿಲ್ಲ, ಹಿಂದಿನ ಡಬ್ಬಿಗೆ ದೀಪವೂ ಇರುವುದು ಅಪರೂಪ. ಪೂರ್ತಿ ಬೆಳಕು ಹರಿಯುವವರೆಗೆ ಮುಖ್ಯರಸ್ತೆಯನ್ನು ಮುಟ್ಟಬೇಡಿರಿ ಮತ್ತು ಯಾವಾಗಲೂ ವಾಹನಗಳು ಎದುರಿಗೆ ಕಾಣುವಂತೆ ರಸ್ತೆಯ ಬಲಬದಿಯಲ್ಲೇ ಓಡಿರಿ.

ಇನ್ನು ನಾಯಿಗಳು. ಊರ ನಾಯಿಗಳಿಗಿಂತ, ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬಿದಾಗ ಕಾವಲಿಗಿರುವ ನಾಯಿಗಳ ಬಗ್ಗೆ ಎಚ್ಚರವಿರಲಿ. ಓಡುವವರನ್ನು ಕಂಡರೆ ಅವು ಬೆನ್ನಟ್ಟುತ್ತವೆ. ಹಟ್ಟಿ ಕಂಡ ಕೂಡಲೇ ಓಟ ನಿಲ್ಲಿಸಿ, ಕುರುಬರನ್ನು ಗಟ್ಟಿಯಾಗಿ ಕರೆದು ಮಾತನಾಡಿಸುತ್ತಾ ನಡೆದು ದಾಟಿರಿ. ಯಜಮಾನ ಮಾತನಾಡಿಸಿದವರನ್ನು ನಾಯಿ ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ.

ಗುಡ್ಡದ ದಾರಿ

ಅಕ್ಕಾವರೇ, ಕಾರು ಸಿಗದ ಭಾನುವಾರಕ್ಕೂ ಒಂದು ದಾರಿ ಇರಲಿ. ಬಾಗಲಕೋಟೆಯಿಂದ ರೈಲಿನಲ್ಲಿ ಬಂದರೆ ಬಾದಾಮಿ ನಿಲ್ದಾಣವು ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ. ಇತರರು ಟಂಟಂ (ಬಾಡಿಗೆ ಆಟೋ) ಹುಡುಕುವಾಗ ನೀವು ಅಲ್ಲಿಂದಲೇ ಓಟ ಆರಂಭಿಸಿ ಊರು ದಾಟಿ, ಮತ್ತೆ ಸುಮಾರು 5 ಕಿಲೋಮೀಟರ್ ಮುಂದಿನ ಬನಶಂಕರಿಯವರೆಗೆ ಹೋಗಬಹುದು. ಅಲ್ಲಿಂದ ಬಾದಾಮಿ ಊರಿನ ಅಗಸ್ತ್ಯತೀರ್ಥ ಕೆರೆಗೆ ಮರಳಿದರೆ 15 ಕಿಲೋಮೀಟರ್ ತುಂಬುತ್ತದೆ, ಮುಂದೆ ನಿಲ್ದಾಣಕ್ಕೆ ಟಂಟಂ ಸಿಗುತ್ತದೆ. ಹೆಚ್ಚು ನಿರ್ಜನವಲ್ಲದ ದಾರಿಯಾದ್ದರಿಂದ ಮೊದಲ ಸಲಕ್ಕೆ ಇದೇ ವಾಸಿ. ಬನಶಂಕರಿಯಲ್ಲಿ ಹರಿದ್ರಾತೀರ್ಥದ ಕಲ್ಲುಮಂಟಪಗಳ ನೆರಳಿದೆ. ಬುಟ್ಟಿ ಹೊತ್ತು ಬರುವ ಅಜ್ಜಿಯರ ಬಳಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಡಿಗೆ ಮೊಸರು ಸಿಗುತ್ತವೆ. ಓಟ ಮುಗಿಸಿದವರಿಗೆ ಅದಕ್ಕಿಂತ ಉತ್ತಮ ಆಹಾರವನ್ನು ನಾನು ಕಂಡಿಲ್ಲ. ಆದರೆ ಬನದ ಹುಣ್ಣಿಮೆಗೆ ಆರಂಭವಾಗುವ ಜಾತ್ರೆ, ನಾಟಕ ಕಂಪನಿಗಳ ಕಾರಣದಿಂದ ತಿಂಗಳವರೆಗೆ ಮುಂದುವರಿಯುವುದರಿಂದ, ಜನವರಿಯಲ್ಲಿ ಪಂಚಾಂಗ ನೋಡಿಕೊಂಡು ಈ ದಾರಿಯನ್ನು ಆರಿಸಿರಿ.

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿನಿಂದ ಹಳೆಯ ಕಾಲುದಾರಿಯೂ ಇದೆ, ರಸ್ತೆಗಿಂತ ಬಹಳ ಹತ್ತಿರ. ನೋಟಕ್ಕೆ ಈ ಭಾಗದಲ್ಲಿ ಅದಕ್ಕೆ ಎಣೆಯಿಲ್ಲ, ಆದರೆ ಅದನ್ನು ದೂರದ ಓಟಕ್ಕೆ ಬಳಸಬೇಡಿರಿ. ಸವೆದ ಮರಳುಗಲ್ಲಿನ ಮೇಲೆ ಉಸುಕು ಹರಡಿದ್ದು ಇಳಿಜಾರಿನಲ್ಲಿ ಕಾಲು ಜಾರುತ್ತದೆ. ಸ್ಪರ್ಧೆ ಮುಗಿದ ಮೇಲೆ, ದಾರಿ ಬಲ್ಲವರೊಬ್ಬರ ಜೊತೆ ನಡೆದು ಹೋಗಿ ಮಹಾಕೂಟದ ಪುಷ್ಕರಿಣಿಯನ್ನು ನೋಡಿ ಬನ್ನಿರಿ. ಬಾದಾಮಿಯಲ್ಲಿ ಕೋತಿಗಳ ಹಾವಳಿ ವಿಪರೀತವಾದ್ದರಿಂದ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಓಡಬಾರದು.

ನವನಗರದ ಓಟಗಾರ್ತಿ

ಎಲ್ಲರಿಗೂ ಕೃತಜ್ಞತೆಗಳು. ಕಾಲುವೆಯ ಯೋಚನೆಯನ್ನು ಕೈಬಿಟ್ಟಿದ್ದೇವೆ. ಅಕ್ಟೋಬರ್‌ನಲ್ಲಿ ನಿಲ್ದಾಣದಿಂದ ಬನಶಂಕರಿಯ ದಾರಿ, ಡಿಸೆಂಬರ್‌ನಲ್ಲಿ ಐಹೊಳೆಯ ದಾರಿ ಎಂದು ನಿಶ್ಚಯಿಸಿದೆವು. ಐಹೊಳೆಯ ರಸ್ತೆಯಲ್ಲಿ ಕುಡಿಯುವ ನೀರನ್ನು ನೆಚ್ಚಬಹುದೇ?

ಮಲಪ್ರಭೆಯ ಮಗ್ಗುಲು

ನೆಚ್ಚಬೇಡಿರಿ. ಹಳ್ಳಿಗಳಲ್ಲಿರುವ ಶುದ್ಧ ನೀರಿನ ಘಟಕಗಳು ನಾಣ್ಯ ಹಾಕಿದರೆ ನೀರು ಕೊಡುತ್ತವೆ, ಆದರೆ ಬೆಳಗಿನ ಜಾವ ವಿದ್ಯುತ್ ಇರುತ್ತದೆಯೆಂಬ ಖಾತರಿಯಿಲ್ಲ. ಬೋರಿನ ನೀರು ಕೆಲವೆಡೆ ಸವಳು. ಕಾರನ್ನು ಐದೈದು ಕಿಲೋಮೀಟರ್ ಮುಂದೆ ನಿಲ್ಲಿಸಲು ಹೇಳಿ, ಅದರಲ್ಲಿ ನೀರಿನೊಂದಿಗೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೂ ಇಟ್ಟುಕೊಳ್ಳಿರಿ. ಫೆಬ್ರವರಿಯ ಕೊನೆಗೆ ಬಿಸಿಲು ಬಲಿಯುವುದರಿಂದ ಎಂಟು ಗಂಟೆಯೊಳಗೆ ಪಟ್ಟದಕಲ್ಲು ತಲುಪುವಂತೆ ಹೊರಡಬೇಕು.