ಸಹಾಯ ಬೇಕು: ಶಹಾಪುರ ಗುಡ್ಡದ ಹಳೇ ಹೆಸರುಗಳು

ಶರಣ್ರೀ ಎಲ್ಲರಿಗೂ. ನಮ್ಮ ಯಾದಗಿರಿ ಜಿಲ್ಲಾದ ಶಹಾಪುರದ ನಾಲ್ಕು ಗುಡ್ಡ ದೂರದಿಂದ ನೋಡಿದರ ಒಂದಾಗಿ, ಅಂಗಾತ ಮಲಗಿದ ಬುದ್ಧನ್ಹಂಗ ಕಾಣ್ತಾವ. ಇದು ಎಲ್ಲರಿಗೂ ಗೊತ್ತದ, ನನಗ ಬೇಕಾಗಿದ್ದು ಬ್ಯಾರೆ.

ನಮ್ಮ ಆಯಿ ಸಣ್ಣಾಕಿದ್ದಾಗ ಅಲ್ಲೇ ಕುರಿ ಕಾಯ್ತಿದ್ಲು. ಒಂದೊಂದು ಬಂಡೆಗಲ್ಲಿಗೂ, ಮಳಿನೀರು ನಿಲ್ಲೋ ದೊಣೆಗೂ ಹೆಸರು ಹೇಳ್ತಿದ್ಲು. ಈಗ ನೆನಪು ಹಾರ್ಲಿಕತ್ತದ. ನಿನ್ನೆ ಒಂದೇ ಹೆಸರು ಮೂರು ಸಲ ಹೇಳಿ, ಸೆರಗಿಲೆ ಕಣ್ಣು ಒರಸಿಕೊಂಡ್ಲು. ನನ್ನ ನೋಟ್‌ಬುಕ್ಕಿನ್ಯಾಗ ಬರೇ 11 ಹೆಸರು ಅದಾವ.

ರಸ್ತಾಪುರ, ಸಗರ, ಭೀಮರಾಯನಗುಡಿ ಕಡಿಯವರು ದಯವಿಟ್ಟು ಮನಿ ಹಿರಿಯರನ್ನ ಕೇಳ್ರಿ: ನಿಮ್ಮೂರಿಂದ ಗುಡ್ಡ ಹ್ಯಾಂಗ ಕಾಣ್ತದ, ಏನಂತ ಕರೀತಾರ? ಬರಿಯಾಕ ಆಗದಿದ್ದರ ಅವರ ದನೀನೇ ರೆಕಾರ್ಡ್ ಮಾಡಿ ಕಳಸ್ರಿ, ನಾ ಕೂತು ಬರಕೋತೀನಿ. ಊರ ಹೆಸರು ಮಾತ್ರ ಮರೀದೆ ಹಾಕ್ರಿ.