ಕ್ಯಾಮೆರಾ, ಲೆನ್ಸ್, ಕಾರ್ಡ್: ರಿಪೇರಿಯವರ ಜೊತೆ ಒಂದು ಸಂಜೆಯ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುವ ನಮ್ಮ ಅಣ್ಣ ಇವತ್ತು ಸಂಜೆ ಗ್ರೂಪಿನಲ್ಲಿ ಸಿಗುತ್ತಾರೆ. ಕೇಳುವುದಿದ್ದರೆ ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ತೀರ್ಥಹಳ್ಳಿ ಸದಸ್ಯ: ಅಣ್ಣಾ, ಬೀರುವಿನಲ್ಲಿಟ್ಟಿದ್ದ ಲೆನ್ಸಿನ ಒಳಗೆ ಬಿಳಿ ಎಳೆ ಎಳೆಯಾಗಿ ಏನೋ ಕಾಣುತ್ತಿದೆ. ಹೊರಗಿನಿಂದ ಎಷ್ಟು ಒರೆಸಿದರೂ ಹೋಗುತ್ತಿಲ್ಲ. ಫೋಟೋದಲ್ಲಿ ಮಾತ್ರ ಏನೂ ಗೊತ್ತಾಗುತ್ತಿಲ್ಲ.

ರಿಪೇರಿಯವರು: ಫಂಗಸ್. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟಿಗೆ ಹಿಡಿಯುವ ಬೂಷ್ಟೇ ಇದು. ಗಾಳಿಯ ತೇವ 60–65% ದಾಟಿ ಹಾಗೇ ನಿಂತರೆ, ಅದರ ಮೇಲೆ ಕತ್ತಲೆಯೂ ಇದ್ದು ಗಾಳಿಯಾಡದಿದ್ದರೆ, ಬೆಳೆಯಲು ಶುರುವಾಗುತ್ತದೆ. ಈಗ ಫೋಟೋದಲ್ಲಿ ಕಾಣದೇ ಇರಬಹುದು. ಬೆಳಕಿಗೆ ಎದುರಾಗಿ ತೆಗೆದು ನೋಡಿ, ಚಿತ್ರ ಮಂಕಾಗಿ ಬರುತ್ತದೆ. ಬಿಟ್ಟಷ್ಟೂ ಕೆಟ್ಟದ್ದು. ಅದು ಬಿಡುವ ಆಮ್ಲ ಗಾಜಿನ ಮೇಲಿನ ಕೋಟಿಂಗನ್ನು ತಿನ್ನುತ್ತದೆ. ಆಮೇಲೆ ಬೂಷ್ಟು ತೆಗೆದರೂ ಅದು ಕೂತ ಗುರುತು ಉಳಿಯುತ್ತದೆ, ಅದನ್ನು ಯಾರೂ ತೆಗೆಯಲಾರರು. ಈ ತಿಂಗಳೇ ಬಿಚ್ಚಿಸಿ ಕ್ಲೀನ್ ಮಾಡಿಸಿ.

ಮುಂದಕ್ಕೆ ಬೀರು ಬೇಡ. ಲೆನ್ಸ್ ಜೊತೆ ಬಂದ ಚೀಲದಲ್ಲೂ ಇಡಬೇಡಿ, ಚೀಲ ತೇವ ಹಿಡಿದಿಡುತ್ತದೆ. ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ತೇವ ತೋರಿಸುವ ಸಣ್ಣ ಮೀಟರ್. 40ರಿಂದ 50% ಇದ್ದರೆ ಸಾಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ನೀಲಿಯದು ಗುಲಾಬಿಯಾದರೆ ಅದರ ಕೆಲಸ ಮುಗಿದಿದೆ ಅಂತ. ಒಣಗಿಸಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಒಣಗಿಸಬೇಡಿ. ನೀಲಿ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ.

ಹೊಸನಗರ ಸದಸ್ಯ: ಸರ್, ನನಗೊಂದು ಮೆಸೇಜ್ ಬಂದಿತ್ತು. ಲೆನ್ಸನ್ನು ಅಕ್ಕಿ ಡಬ್ಬಿಯಲ್ಲಿಟ್ಟರೆ ತೇವ ಎಳೆದುಕೊಳ್ಳುತ್ತದಂತೆ. ಎರಡು ದಿನ ಬಿಸಿಲಿಗಿಟ್ಟರೆ ಫಂಗಸ್ ಸಾಯುತ್ತದಂತೆ. ಕಲೆ ಉಳಿದರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಬೇಕಂತೆ.

ರಿಪೇರಿಯವರು: ಮೂರೂ ಮಾಡಬೇಡಿ. ಅಕ್ಕಿಯ ಧೂಳು ಜೂಮ್ ರಿಂಗಿನ ಸಂದಿಯಲ್ಲಿ ಹೋಗಿ ಕೂರುತ್ತದೆ. ಬಿಸಿಲಿಗೆ ಒಳಗಿನ ಗ್ರೀಸ್ ಕರಗಿ, ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ಎಲೆಗಳ ಮೇಲೆ ಹರಿಯುತ್ತದೆ, ಎಲೆ ಅಂಟಿಕೊಳ್ಳುತ್ತದೆ. ಟೂತ್‌ಪೇಸ್ಟ್‌ನಲ್ಲಿ ಇರುವುದೇ ಉಜ್ಜುವ ಪುಡಿ, ಕೋಟಿಂಗ್ ಒಂದೇ ಸಲಕ್ಕೆ ಹೋಗುತ್ತದೆ. ಪೇಸ್ಟ್ ಹಚ್ಚಿದ ಲೆನ್ಸ್ ನನ್ನ ಟೇಬಲಿಗೆ ಬಂದರೆ ನಾನು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಭದ್ರಾವತಿ ಸದಸ್ಯ: ಸರ್, 60 ಸಾವಿರದೊಳಗೆ ಯಾವ ಕ್ಯಾಮೆರಾ ಒಳ್ಳೆಯದು?

ಕುಂದಾಪುರ ಸದಸ್ಯ: ನಮಸ್ತೆ. ಯಕ್ಷಗಾನದ ಫೋಟೋ ತೆಗೆಯುತ್ತೇನೆ. ರಂಗಸ್ಥಳಕ್ಕೆ ಎಲ್‌ಇಡಿ ಲೈಟ್ ಹಾಕಿದ ಮೇಲೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬರುತ್ತಿದೆ. ಸೆನ್ಸರ್ ಹೋಯಿತಾ?

ರಿಪೇರಿಯವರು: ಸೆನ್ಸರ್ ಸರಿಯಿದೆ. ನಮ್ಮ ಕರೆಂಟ್ 50 ಹರ್ಟ್ಸ್, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ ಸ್ಪೀಡ್ 1/100 ಅಥವಾ 1/50 ಸೆಕೆಂಡ್ ಇಡಿ, ಪಟ್ಟಿ ಹೋಗುತ್ತದೆ. ಸೈಲೆಂಟ್ ಶಟರ್ ಆನ್ ಇದ್ದರೆ ಆಫ್ ಮಾಡಿ. ವೇಷ ಕುಣಿಯುವಾಗ 1/100ಕ್ಕೆ ಕೈಕಾಲು ಅಲುಗಿದಂತೆ ಬರುತ್ತದೆ, ಅದು ಗೊತ್ತು. ನಿಮ್ಮ ಕ್ಯಾಮೆರಾದಲ್ಲಿ ಫ್ಲಿಕರ್ ಕಡಿಮೆ ಮಾಡುವ ಸೆಟಿಂಗ್ ಇದ್ದರೆ ಹಾಕಿ ನೋಡಿ.

ಚಿತ್ರದುರ್ಗ ಸದಸ್ಯ: ನಿಕಾನ್ ಡಿ5600ಗೆ ಸೆಕೆಂಡ್ ಹ್ಯಾಂಡ್ 50 ಎಂಎಂ 1.8ಡಿ ತಗೊಂಡೆ. ಆಟೋಫೋಕಸ್ ಆಗುತ್ತಿಲ್ಲ. ಮಾರಿದವರು ಮೋಸ ಮಾಡಿದರಾ?

ರಿಪೇರಿಯವರು: ಲೆನ್ಸ್ ಸರಿಯಾಗಿಯೇ ಇರುತ್ತದೆ. ಅದರೊಳಗೆ ಮೋಟಾರ್ ಇಲ್ಲ, ಕ್ಯಾಮೆರಾದ ಮೋಟಾರ್ ಅದನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಕೈಯಲ್ಲೇ ಫೋಕಸ್ ಮಾಡಿ, ಇಲ್ಲವೇ ಇದನ್ನು ಕೊಟ್ಟು, ಒಳಗೇ ಮೋಟಾರ್ ಇರುವ 1.8ಜಿ ತಗೊಳ್ಳಿ.

ಶಿರಸಿ ಸದಸ್ಯೆ: ಸರ್, ತುಂಬಾ ತುರ್ತು. ಅಪ್ಪನ ಸಹಸ್ರಚಂದ್ರ ದರ್ಶನ ಶಾಂತಿ ಮಾಡಿದ್ದೆವು. ಎಲ್ಲ ಫೋಟೋ ಒಂದೇ 64 ಜಿಬಿ ಕಾರ್ಡಿನಲ್ಲಿವೆ. ಲ್ಯಾಪ್‌ಟಾಪಿಗೆ ಹಾಕಿದರೆ "ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು" ಅಂತ ಬರುತ್ತಿದೆ. ಕ್ಯಾಮೆರಾ ಕೂಡ ಕಾರ್ಡ್ ಎರರ್ ಅನ್ನುತ್ತಿದೆ. ಬೇರೆ ಕಾಪಿ ಇಲ್ಲ. ದೂರದಿಂದ ಬಂದ ನೆಂಟರೆಲ್ಲ ಅದರಲ್ಲಿದ್ದಾರೆ.

ಹುಬ್ಬಳ್ಳಿ ಸದಸ್ಯ: ಮೇಡಂ, ಚೆಕ್‌ಡಿಸ್ಕ್ ಕಮಾಂಡ್ ಕೊಡಿ, ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಇದೇ ಗ್ರೂಪಿನಲ್ಲಿ ಯಾರೋ ಹಾಕಿದ್ದರು.

ರಿಪೇರಿಯವರು: ಬೇಡ! ಮೇಡಂ, ಆ ಕಮಾಂಡ್ ಕೊಡಬೇಡಿ. ಫಾರ್ಮ್ಯಾಟ್ ಪ್ರಶ್ನೆಗೆ "ಕ್ಯಾನ್ಸಲ್" ಒತ್ತಿ. ಕಾರ್ಡ್ ಹೊರಗೆ ತೆಗೆಯಿರಿ. ಅದರ ಪಕ್ಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಡ್ಡಿ ಇದೆ, ಅದನ್ನು "ಲಾಕ್" ಕಡೆಗೆ ಜಾರಿಸಿ. ಇಷ್ಟು ಮಾಡಿ ಆಮೇಲೆ ಮುಂದಿನದು ಓದಿ.

ಕಾರ್ಡಿನ ಶುರುವಿನ ಜಾಗದಲ್ಲಿ ಒಂದು ಪಟ್ಟಿ ಇರುತ್ತದೆ. ಯಾವ ಫೋಟೋ ಎಲ್ಲಿಂದ ಶುರು, ಎಲ್ಲಿಗೆ ಮುಗಿಯುತ್ತದೆ ಅನ್ನುವುದು ಅದರಲ್ಲಿ ಬರೆದಿರುತ್ತದೆ. ಫೋಟೋ ಬರೆಯುತ್ತಿರುವಾಗ ಬ್ಯಾಟರಿ ಮುಗಿದರೆ, ಕೆಂಪು ಲೈಟ್ ಮಿನುಗುತ್ತಿರುವಾಗ ಕಾರ್ಡ್ ಎಳೆದರೆ ಆ ಪಟ್ಟಿ ಕೆಡುತ್ತದೆ. ಪಟ್ಟಿ ಕೆಟ್ಟರೆ ಕಂಪ್ಯೂಟರಿಗೆ ಏನೂ ಕಾಣುವುದಿಲ್ಲ. ಆದರೆ ಫೋಟೋಗಳು ಇದ್ದಲ್ಲೇ ಇರುತ್ತವೆ. ಚೆಕ್‌ಡಿಸ್ಕ್ ಸುಮ್ನೆ ಓದಿ ಬಿಡುವುದಿಲ್ಲ. ರಿಪೇರಿ ಮಾಡು ಅಂದರೆ ಅದು ಕಾರ್ಡಿನ ಮೇಲೆ ಬರೆಯುತ್ತದೆ, ಪಟ್ಟಿಯನ್ನು ತನಗೆ ತೋಚಿದಂತೆ ತಿದ್ದುತ್ತದೆ. ಇರುವ ಅಲ್ಪಸ್ವಲ್ಪ ಗುರುತೂ ಹೋಗುತ್ತದೆ.

ಈಗ ಒಂದು ವಿಷಯ ನೋಡಿ ಹೇಳಿ. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕಾರ್ಡಿನ ಸೈಜ್ ಎಷ್ಟು ತೋರಿಸುತ್ತದೆ? 59 ಜಿಬಿ ಹತ್ತಿರ ಇದ್ದರೆ ಸರಿ, ವಿಂಡೋಸ್ 64ನ್ನು ಹಾಗೆಯೇ ಲೆಕ್ಕ ಹಾಕುತ್ತದೆ. ಸೊನ್ನೆ ಅಥವಾ ಕೆಲವೇ ಎಂಬಿ ತೋರಿಸಿದರೆ ಕಾರ್ಡಿನೊಳಗಿನ ಕಂಟ್ರೋಲರ್ ಚಿಪ್ ಕೈಕೊಟ್ಟಿದೆ ಅಂತ. ಆಗ ಯಾವ ಸಾಫ್ಟ್‌ವೇರೂ ಬೇಡ, ಡೇಟಾ ರಿಕವರಿ ಲ್ಯಾಬಿಗೇ ಹೋಗಬೇಕು.

ಸಾಗರ ಸದಸ್ಯ: ನನ್ನ ಡಿ3500ಗೆ 50 ಎಂಎಂ 1.8ಡಿ ಆಗುತ್ತದಾ ಅಣ್ಣ?

ರಿಪೇರಿಯವರು: ಮೇಲೆ ಓದಿ.

ಶಿರಸಿ ಸದಸ್ಯೆ: ಸರ್, 59.4 ಅಂತ ತೋರಿಸುತ್ತಿದೆ. ಆದರೆ ಒಂದು ಹೇಳಬೇಕಿತ್ತು. ನಾನು ಇಲ್ಲಿ ಬರೆಯುತ್ತಿರುವಾಗಲೇ ಅಕ್ಕನ ಮಗ ಫಾರ್ಮ್ಯಾಟ್ ಒತ್ತಿಬಿಟ್ಟಿದ್ದಾನೆ. ಕಾರ್ಡ್ ಓಪನ್ ಆಯಿತು, ಪೂರ್ತಿ ಖಾಲಿ. ಸರಿಹೋಯಿತಾ ನೋಡೋಣ ಅಂತ ಕ್ಯಾಮೆರಾಗೆ ಹಾಕಿ ನಾಲ್ಕು ಫೋಟೋ ಬೇರೆ ತೆಗೆದಿದ್ದಾನೆ. ಅಮ್ಮ ಅಳುತ್ತಿದ್ದಾರೆ.

ರಿಪೇರಿಯವರು: ಅಮ್ಮನಿಗೆ ಧೈರ್ಯ ಹೇಳಿ. ಹುಡುಗನಿಗೆ ಬೈಯಬೇಡಿ, ಅವನಿಂದ ಸರಿಯಾದ ಉತ್ತರ ಬೇಕು. ಫಾರ್ಮ್ಯಾಟ್ ಮಾಡಿದ್ದು ಲ್ಯಾಪ್‌ಟಾಪಿನಲ್ಲೋ ಕ್ಯಾಮೆರಾದಲ್ಲೋ? ಲ್ಯಾಪ್‌ಟಾಪಿನಲ್ಲಾದರೆ "ಕ್ವಿಕ್" ಅನ್ನುವಲ್ಲಿ ಟಿಕ್ ಇತ್ತಾ? ಎಷ್ಟು ಹೊತ್ತು ತೆಗೆದುಕೊಂಡಿತು?

ದಾವಣಗೆರೆ ಸದಸ್ಯ: ಫೈಲ್ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮ ಮದುವೆಯ ಫೋಟೋಗ್ರಾಫರ್ ಆಲ್ಬಮ್ ಕೊಟ್ಟರು, ರಾ ಫೈಲ್ ಕೇಳಿದರೆ ಕೊಡುತ್ತಿಲ್ಲ. ಪೂರ್ತಿ ದುಡ್ಡು ಕೊಟ್ಟಿದ್ದೇವೆ. ರಾ ಫೈಲ್ ಅಂದರೆ ಅಷ್ಟು ದೊಡ್ಡ ವಿಷಯವಾ?

ರಿಪೇರಿಯವರು: ರಾ ಅಂದರೆ ಸೆನ್ಸರ್ ಹಿಡಿದ ಮೂಲ ಲೆಕ್ಕ. ನಾವು ಸಾಮಾನ್ಯವಾಗಿ ನೋಡುವ ಜೆಪೆಗ್ ಫೋಟೋದಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ. 14 ಬಿಟ್ ರಾ ಫೈಲಿನಲ್ಲಿ 16,384. ಅದಕ್ಕೇ ಕತ್ತಲಾದ ಮುಖವನ್ನೂ ಆಮೇಲೆ ಎತ್ತಬಹುದು. ಆದರೆ ತೆರೆದ ಕೂಡಲೇ ಚೆನ್ನಾಗಿ ಕಾಣುವುದಿಲ್ಲ, ಕೂತು ತಿದ್ದಬೇಕು. ತಿದ್ದುವ ಅಭ್ಯಾಸ ಇಲ್ಲದಿದ್ದರೆ ಪೂರ್ತಿ ಸೈಜಿನ ಜೆಪೆಗ್ ಕೇಳಿ ತಗೊಳ್ಳಿ, ಅದು ಸಾಕು.

ರಾಣೆಬೆನ್ನೂರು ಸ್ಟುಡಿಯೋ ಸದಸ್ಯ: ರಾ ಯಾಕೆ ಕೊಡಬೇಕು? ರೀಲ್ ಕಾಲದಲ್ಲಿ ನೆಗೆಟಿವ್ ಯಾರು ಕೊಡುತ್ತಿದ್ದರು? ಅರ್ಧ ಬೆಂದ ಅನ್ನ ಯಾರಾದರೂ ಬಡಿಸುತ್ತಾರಾ?

ದಾವಣಗೆರೆ ಸದಸ್ಯ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಓದಿ ಸ್ವಾಮಿ. ದುಡ್ಡು ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ನಾವು.

ರಾಣೆಬೆನ್ನೂರು ಸ್ಟುಡಿಯೋ ಸದಸ್ಯ: ಹಕ್ಕು ಬೇರೆ, ಹಾರ್ಡ್‌ಡಿಸ್ಕ್ ಕೈಗೆ ಕೊಡುವುದು ಬೇರೆ. ಬುಕ್ ಮಾಡುವಾಗ ಕೇಳಿದ್ದಿರಾ? ಮುಗಿದ ಮೇಲೆ ಎಲ್ಲರಿಗೂ ಕಾನೂನು ನೆನಪಾಗುತ್ತದೆ.

ದಾವಣಗೆರೆ ಸದಸ್ಯ: ಅಡ್ವಾನ್ಸ್ ತಗೊಳ್ಳುವಾಗ "ರಾ ಕೊಡಲ್ಲ" ಅಂತ ನೀವು ಹೇಳುತ್ತೀರಾ? ಒಂದು ಚೀಟಿ ಬರೆದುಕೊಡುವುದಕ್ಕೂ ಆಗುವುದಿಲ್ಲ ನಿಮಗೆ.

ರಾಣೆಬೆನ್ನೂರು ಸ್ಟುಡಿಯೋ ಸದಸ್ಯ: ಹಗಲು ರಾತ್ರಿ ನಿಂತು ದುಡಿಯುವವರ ಮೇಲೆ ಮಾತಾಡುವುದು ಸುಲಭ. ನಿಮ್ಮಂಥ ಗಿರಾಕಿಗಳಿಗೆ ನಮಸ್ಕಾರ.

ಧಾರವಾಡ ಸದಸ್ಯೆ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಶಿರಸಿಯವರ ಉತ್ತರ ಎಲ್ಲೋ ಮೇಲೆ ಹೋಗುತ್ತಿದೆ.

ಭದ್ರಾವತಿ ಸದಸ್ಯ: 60 ಸಾವಿರದೊಳಗೆ ಯಾವ ಕ್ಯಾಮೆರಾ ಅಂತ ಕೇಳಿದ್ದೆ.

ಶಿರಸಿ ಸದಸ್ಯೆ: ಸರ್, ಲ್ಯಾಪ್‌ಟಾಪಿನಲ್ಲೇ ಮಾಡಿದ್ದು. ಟಿಕ್ ಇತ್ತಂತೆ. ಕೆಲವು ಸೆಕೆಂಡಿನಲ್ಲಿ ಮುಗಿಯಿತಂತೆ.

ರಿಪೇರಿಯವರು: ಒಳ್ಳೆಯ ಸುದ್ದಿ ಮೇಡಂ. ಕ್ವಿಕ್ ಫಾರ್ಮ್ಯಾಟ್ ಪಟ್ಟಿಯನ್ನು ಮಾತ್ರ ಹೊಸದಾಗಿ ಬರೆಯುತ್ತದೆ. ಟಿಕ್ ತೆಗೆದು ಮಾಡಿದ್ದರೆ ವಿಂಡೋಸ್ ಕಾರ್ಡಿನ ಉದ್ದಕ್ಕೂ ಸೊನ್ನೆ ಬರೆದಿರುತ್ತಿತ್ತು, ಆಗ ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಕೆಲವು ಕ್ಯಾಮೆರಾಗಳ ಫಾರ್ಮ್ಯಾಟ್ ಕೂಡ ಪೂರ್ತಿ ಅಳಿಸುತ್ತದೆ, ಅದಕ್ಕೇ ಕೇಳಿದೆ. ನಷ್ಟ ಆಗಿರುವುದು ಆ ನಾಲ್ಕು ಫೋಟೋದಿಂದ. ಹೊಸ ಫೋಟೋಗಳು ಸಾಮಾನ್ಯವಾಗಿ ಶುರುವಿನ ಜಾಗದಲ್ಲೇ ಕೂರುತ್ತವೆ. ಕಾರ್ಯಕ್ರಮದ ಮೊದಲ ಕೆಲವು ಫೋಟೋ ಹೋಗಿರಬಹುದು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಈಗ ಕಡ್ಡಿ ಲಾಕ್ ಆಗಿದೆಯಾ ಇನ್ನೊಮ್ಮೆ ನೋಡಿ. ಕಾರ್ಡನ್ನು ರೀಡರಿಗೆ ಹಾಕಿ. ಫೋಟೊರೆಕ್ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ಟೆಸ್ಟ್‌ಡಿಸ್ಕ್ ಜೊತೆಗೇ ಬರುತ್ತದೆ. ಮೊದಲು ಟೆಸ್ಟ್‌ಡಿಸ್ಕ್‌ನಲ್ಲಿ ಪೂರ್ತಿ ಕಾರ್ಡಿನ ಇಮೇಜ್ ಫೈಲ್, ಅಂದರೆ ಇಡೀ ಕಾರ್ಡಿನ ತದ್ರೂಪು ನಕಲು, ಮಾಡಿ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳಿ. 60 ಜಿಬಿಗಿಂತ ಜಾಸ್ತಿ ಜಾಗ ಖಾಲಿ ಇರಬೇಕು. ಆಮೇಲೆ ಕಾರ್ಡ್ ಎತ್ತಿಡಿ, ಫೋಟೊರೆಕ್ ಅನ್ನು ಇಮೇಜ್ ಫೈಲಿನ ಮೇಲೆ ಓಡಿಸಿ. ಅದು ಪಟ್ಟಿಯನ್ನು ನಂಬುವುದಿಲ್ಲ. ಪ್ರತಿ ಜೆಪೆಗ್ ಫೈಲೂ ಎಫ್‌ಎಫ್ ಡಿ8 ಅನ್ನುವ ಎರಡು ಬೈಟ್‌ಗಳಿಂದ ಶುರುವಾಗುತ್ತದೆ, ಅಂಥದ್ದನ್ನು ಹುಡುಕಿಕೊಂಡು ಹೋಗುತ್ತದೆ. ಹಳೆಯ ಹೆಸರು ಬರುವುದಿಲ್ಲ, ನಂಬರ್ ಬರುತ್ತದೆ. ಚಿಂತೆ ಬೇಡ, ತೆಗೆದ ದಿನ, ಹೊತ್ತು ಫೋಟೋದ ಒಳಗೇ ಇರುತ್ತದೆ, ಅದರಂತೆ ಜೋಡಿಸಬಹುದು. ವೀಡಿಯೋ ಇದ್ದರೆ ಭರವಸೆ ಕಡಿಮೆ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಸೇವ್ ಮಾಡಬೇಡಿ.

ಹುಬ್ಬಳ್ಳಿ ಸದಸ್ಯ: ನಾನು ಹೇಳಿದ್ದೂ ತಪ್ಪೇನಲ್ಲ. ನನ್ನ ಪೆನ್‌ಡ್ರೈವ್ ಹಾಗೇ ಸರಿಹೋಗಿತ್ತು.

ರಿಪೇರಿಯವರು: ನಿಮ್ಮ ಪೆನ್‌ಡ್ರೈವಿನ ಫೈಲಿಗೆ ಬೇರೆ ಕಾಪಿ ಇದ್ದಿರಬಹುದು. ಇವರ ಹತ್ತಿರ ಇಲ್ಲ. ಗೊತ್ತಿಲ್ಲದವರಿಗೆ ಕಮಾಂಡ್ ಹೇಳಿಕೊಡಬೇಡಿ.

ಹಾಸನ ಸದಸ್ಯೆ: ಅಪ್ಪ ಅಮ್ಮನ ಫೋಟೋ 12×18 ಇಂಚು ಪ್ರಿಂಟ್ ಹಾಕಿಸಬೇಕು. ಅಂಗಡಿಯವರು 300 ಡಿಪಿಐ ಬೇಕು ಅಂದರು. ವಾಟ್ಸಾಪಿನಲ್ಲಿ ಬಂದ ಫೋಟೋ ಇದೆ. ಫೋಟೋಶಾಪಿನಲ್ಲಿ 72 ಇದ್ದದ್ದನ್ನು 300 ಮಾಡಿದೆ. ಸರಿ ಅಲ್ವಾ?

ರಿಪೇರಿಯವರು: ಇಲ್ಲ. ನಂಬರ್ ಬದಲಾಯಿಸಿದರೆ ಫೋಟೋದಲ್ಲಿ ಇಲ್ಲದ ವಿವರ ಹುಟ್ಟುವುದಿಲ್ಲ. ಡಿಪಿಐ ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅಂತ. 12×18ಕ್ಕೆ 300 ಅಂದರೆ 3600×5400 ಪಿಕ್ಸೆಲ್. ಗೋಡೆಗೆ ಹಾಕುವ ಫೋಟೋಗೆ 2400×3600 ಇದ್ದರೂ ನಡೆಯುತ್ತದೆ. ಫೋಟೋ ತೆಗೆದವರಿಂದ ಮೂಲ ಫೈಲನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕೊಪ್ಪ ಸದಸ್ಯ: ಮಳೆಯಲ್ಲಿ ಕ್ಯಾಮೆರಾ ನೆನೆಯಿತು. ಅಕ್ಕಿಯಲ್ಲಿ ಹೂತಿಟ್ಟಿದ್ದೇನೆ. ಎಷ್ಟು ದಿನ ಬಿಡಬೇಕು?

ರಿಪೇರಿಯವರು: ಈಗಲೇ ತೆಗೆಯಿರಿ. ಬ್ಯಾಟರಿ, ಕಾರ್ಡ್ ಹೊರಗೆ. ಆನ್ ಮಾಡಬೇಡಿ. ಫ್ಯಾನ್ ಕೆಳಗಿಟ್ಟು ನಾಳೆಯೇ ಯಾರಿಗಾದರೂ ತೋರಿಸಿ.

ಗದಗ ಸದಸ್ಯ: ಆನ್ ಮಾಡಿ ಹೇರ್ ಡ್ರೈಯರ್ ಹಿಡಿದರೆ ಬೇಗ ಒಣಗುತ್ತದೆ ಅಂತ ವೀಡಿಯೋದಲ್ಲಿ ನೋಡಿದೆ.

ರಿಪೇರಿಯವರು: ಒದ್ದೆ ಬೋರ್ಡಿಗೆ ಕರೆಂಟ್ ಕೊಟ್ಟರೆ ಶಾರ್ಟ್ ಆಗುತ್ತದೆ. ಆ ವೀಡಿಯೋ ಲಿಂಕ್ ಇಲ್ಲಿ ಹಾಕಿದರೆ ನಾನು ಗ್ರೂಪ್ ಬಿಡುತ್ತೇನೆ.

ದಾವಣಗೆರೆ ಸದಸ್ಯ: ರಾಣೆಬೆನ್ನೂರಿನವರು ಸೆಕ್ಷನ್ 17ಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ.

ಅಡ್ಮಿನ್: ಆ ವಿಷಯ ಇಲ್ಲಿಗೆ ಸಾಕು. ಮುಂದುವರಿಸಿದರೆ ಇಬ್ಬರನ್ನೂ ತೆಗೆಯುತ್ತೇನೆ.

ಉಡುಪಿ ಸದಸ್ಯ: ಐಫೋನ್ ಫೋಟೋ ಕಂಪ್ಯೂಟರಿನಲ್ಲಿ ಓಪನ್ ಆಗುತ್ತಿಲ್ಲ, ಹೆಸರಿನ ಕೊನೆಗೆ ಎಚ್‌ಇಐಸಿ ಅಂತಿದೆ.

ರಿಪೇರಿಯವರು: ಫೋನಿನ ಕ್ಯಾಮೆರಾ ಸೆಟಿಂಗ್ಸ್, ಫಾರ್ಮ್ಯಾಟ್ಸ್, "ಮೋಸ್ಟ್ ಕಂಪ್ಯಾಟಿಬಲ್". ಇನ್ನು ಮುಂದಿನವು ಜೆಪೆಗ್ ಆಗಿ ಬರುತ್ತವೆ.

ಶಿರಸಿ ಸದಸ್ಯೆ: ಸರ್, ಫೋಟೋಗಳು ಬರುತ್ತಿವೆ! ಹೋಮದ್ದು, ಆರತಿದು ಎಲ್ಲ ಬಂತು. ಆದರೆ ಅಪ್ಪನಿಗೆ ಅಭಿಷೇಕ ಮಾಡುವಾಗಿನವು ಮೇಲೆ ಸರಿ ಇವೆ, ಕೆಳಗೆ ಅರ್ಧ ಬೂದು ಬಣ್ಣ. ಅವನ್ನು ಡಿಲೀಟ್ ಮಾಡಿ ಇನ್ನೊಮ್ಮೆ ಓಡಿಸಲೇ?

ರಿಪೇರಿಯವರು: ಏನನ್ನೂ ಡಿಲೀಟ್ ಮಾಡಬೇಡಿ. ಅರ್ಧ ಬೂದು ಅಂದರೆ ಆ ಫೋಟೋದ ಉಳಿದ ಭಾಗ ಕಾರ್ಡಿನಲ್ಲಿ ಬೇರೆ ಕಡೆ ಇರಬಹುದು, ಇಲ್ಲವೇ ಅದರ ಮೇಲೆ ಬೇರೆಯದು ಬರೆದುಹೋಗಿರಬಹುದು. ಇನ್ನೊಮ್ಮೆ ಓಡಿಸಿದರೆ ಅದೇ ಬರುತ್ತದೆ. ಜೆಪೆಗ್ ಜೊತೆ ರಾ ಕೂಡ ಆನ್ ಇತ್ತಾ? ಇದ್ದರೆ ಆ ರಾ ಫೈಲುಗಳನ್ನು ಮೊದಲು ಹುಡುಕಿ, ಸಾಮಾನ್ಯವಾಗಿ ರಾ ಫೈಲಿನ ಒಳಗೂ ಒಂದು ಜೆಪೆಗ್ ಇರುತ್ತದೆ. ರಾ ಇಲ್ಲದಿದ್ದರೆ ಇಮೇಜ್ ಫೈಲನ್ನು ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡು ಬನ್ನಿ, ತುಂಡುಗಳನ್ನು ಕೈಯಲ್ಲೇ ಕೂಡಿಸಲು ಆಗುತ್ತದಾ ನೋಡುತ್ತೇನೆ. ಬಂದ ಫೋಟೋಗಳನ್ನು ಇವತ್ತೇ ಇನ್ನೊಂದು ಕಡೆ ಕಾಪಿ ಮಾಡಿ. ಆ ಕಾರ್ಡನ್ನು ಯಾರ ಕೈಗೂ ಕೊಡಬೇಡಿ.

ಸೊರಬ ಸದಸ್ಯ: ಅಣ್ಣಾ, ಡಿ5300ಗೆ 50 ಎಂಎಂ 1.8ಡಿ ಹಾಕಿದರೆ ಫೋಕಸ್ ಆಗುತ್ತದಾ?

ರಿಪೇರಿಯವರು: ಆಗಲ್ಲ.